ಬಾಗಿಲಿಗೆ ಗುರುತಿಟ್ಟ ನೀರುನಾಯಿ

ನನ್ನ ಹಳೆಯ ದಿನಚರಿಯಲ್ಲಿ 1974ನೇ ಇಸವಿ ಜನವರಿ 12, ಶನಿವಾರದ ಪುಟದಲ್ಲಿ ಹೀಗಿದೆ: 'ಬೆಳಿಗ್ಗೆ ತುಂಗಭದ್ರೆಯ ದಂಡೆಯಲ್ಲಿ ನೀರುನಾಯಿಗಳ ಒಂದು ಕುಟುಂಬ ಕಂಡಿತು. ಅರ್ಧಚಂದ್ರದಂತೆ ಸಾಲುಗಟ್ಟಿ ಮೀನುಗಳನ್ನು ದಂಡೆಗೆ ಅಟ್ಟಿಕೊಂಡು ಬಂದವು. ಬಹಳ ಗಲಾಟೆ. ಚಳಿಯಿತ್ತು.'

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು. ಕಂಡದ್ದನ್ನು ಕಂಡಷ್ಟೇ ಬರೆದಿಡುವುದು ನನ್ನ ಅಭ್ಯಾಸ. ಆದ್ದರಿಂದ ಆ ಗಲಾಟೆಯಲ್ಲಿ ಅವು ಏನೇನು ಮಾತಾಡಿಕೊಂಡವು ಎನ್ನುವುದು ದಿನಚರಿಯಲ್ಲಿ ಇಲ್ಲ. ಅದನ್ನು ಈಗ ಹೇಳುತ್ತೇನೆ, ಕೇಳಿ ಮಕ್ಕಳೇ. ಹೆಸರಿನಲ್ಲಿ ನಾಯಿ ಇದ್ದರೂ ನೀರುನಾಯಿ ನಾಯಿಯಲ್ಲ. ಯಾರಾದರೂ ಹಾಗೆಂದರೆ ತಿದ್ದಿರಿ.

ಹೊಳೆಯು ದೊಡ್ಡ ಗುಂಡುಕಲ್ಲುಗಳನ್ನು ಸುತ್ತಿಕೊಂಡು ತಿರುಗುವ ಕಡೆ ಒಂದು ಆಳವಾದ ಮಡುವಿತ್ತು. ದಂಡೆಯಲ್ಲಿ ಒಂದು ಮತ್ತಿಮರ. ಅದರ ಬೇರುಗಳ ಕೆಳಗೆ ನೀರುನಾಯಿಗಳ ಬಿಲ. ಬಿಲಕ್ಕೆ ಎರಡು ಬಾಗಿಲು. ಒಂದು ದಂಡೆಯ ಮೇಲೆ, ಬೇರುಗಳ ಮರೆಯಲ್ಲಿ, ಇನ್ನೊಂದು ನೀರಿನೊಳಗೆ.

ಆ ಕುಟುಂಬಕ್ಕೆಲ್ಲ ಹಿರಿಯಳು ಬಿಳಿಮೀಸೆಯಜ್ಜಿ. ಅವಳ ಹಲ್ಲು ಸವೆದಿತ್ತು, ಮೂಗು ಮೊದಲಿನಷ್ಟು ಚುರುಕಾಗಿರಲಿಲ್ಲ. ಬಾಯಿ ಮಾತ್ರ ಗಟ್ಟಿಯಾಗಿತ್ತು. ಹೊಳೆಯಲ್ಲಿ ಚೆನ್ನಾಗಿ ಬದುಕುವುದು ಹೇಗೆಂದು ಅವಳು ಮೊಮ್ಮಕ್ಕಳಿಗೆ ಊಟದ ಹೊತ್ತಿನಲ್ಲಿಯೇ ಹೇಳಿಕೊಡುತ್ತಿದ್ದಳು.

"ಹೊಟ್ಟೆ ತುಂಬಿತಲ್ಲ? ಆ ಮೀನನ್ನು ಬಿಡು. ನಾಳೆ ಇನ್ನೂ ದಪ್ಪಗಾಗಿ ಸಿಗುತ್ತದೆ."

"ಏಯ್, ಮರಳಿನಲ್ಲಿ ಹೊರಳಾಡಿ ಮೈ ಒಣಗಿಸಿಕೊ. ಒದ್ದೆ ಮೈಯಲ್ಲಿ ಮಲಗಿದವನು ಬೆಳಿಗ್ಗೆ ಎದ್ದು ಎಲ್ಲರ ಮೇಲೂ ಸಿಡುಕುತ್ತಾನೆ."

"ಆಟದಲ್ಲಿ ಎಲ್ಲಿ ಬೇಕಾದರೂ ಓಡು. ಮೀನು ಅಟ್ಟುವಾಗ ಮಾತ್ರ ಸಾಲು ಬಿಡಬೇಡ. ಅದರಲ್ಲೂ ತುದಿಯಲ್ಲಿರುವವನು ಬಿಡಲೇಬಾರದು. ತುದಿ ಸಡಿಲವಾದರೆ ಸಾಲೆಲ್ಲ ಸಡಿಲ."

ಅವಳ ಇನ್ನೊಂದು ಕಟ್ಟುಪಾಡಿದೆ. ಅದನ್ನು ಕೇಳಿ ಮೂಗು ಮುಚ್ಚಿಕೊಳ್ಳಬೇಡಿ. ನೀರುನಾಯಿಗಳು ಕಂಡಕಂಡಲ್ಲಿ ಹಿಕ್ಕೆ ಹಾಕುವುದಿಲ್ಲ. ಹೊಳೆಯ ನಡುವೆ ಒಂದು ಚಪ್ಪಟೆ ಬಂಡೆ ಇತ್ತು; ಎಲ್ಲರೂ ಅಲ್ಲಿಗೇ ಹೋಗಬೇಕು. ಅದಕ್ಕೆ ಅವರು ಸುದ್ದಿಬಂಡೆ ಎನ್ನುತ್ತಿದ್ದರು. ನಾವು ಪತ್ರಿಕೆ ಓದುವ ಹಾಗೆ ಅವರು ಬೆಳಿಗ್ಗೆ ಆ ಬಂಡೆಯನ್ನು ಮೂಸುತ್ತಿದ್ದರು. ಯಾರು ಏನು ತಿಂದರು, ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾರ ಮನೆಯಲ್ಲಿ ಮರಿ ಹುಟ್ಟಿದೆ, ಎಲ್ಲ ಸುದ್ದಿಯೂ ಆ ವಾಸನೆಯಲ್ಲಿ ಇರುತ್ತಿತ್ತು.

"ಸುದ್ದಿ ಬಂಡೆಯ ಮೇಲಿರಲಿ. ಬಿಲದ ಬಾಗಿಲಲ್ಲಿ ಒಂದು ಚೂರೂ ಗುರುತು ಬೇಡ" ಎನ್ನುತ್ತಿದ್ದಳು ಅಜ್ಜಿ.

ಏಕೆಂದು ಕೇಳಿದವರಿಗೆ ಅವಳು ಕಾರಣವನ್ನೂ ಹೇಳುತ್ತಿದ್ದಳು. ಆದರೆ ದುಮುಕ ಕೇಳಿರಲಿಲ್ಲ.

ದುಮುಕ ಆ ಮನೆಯ ಅಳಿಯ. ಅಜ್ಜಿಯ ಮೊಮ್ಮಗಳು ಮಳಲಿಯ ಗಂಡ. ಕೆಳಹೊಳೆಯಿಂದ ಬಂದು ಇಲ್ಲಿ ನೆಲೆಸಿದವನು. ನೀರಿಗೆ ಧುಮುಕಿದರೆ ಬರಿಗೈಯಲ್ಲಿ ಮೇಲೆ ಬಂದವನಲ್ಲ. ಅಂಥ ತಾನು ಒಬ್ಬ ಮುದುಕಿಯನ್ನು 'ಏಕೆ' ಎಂದು ಕೇಳುವುದೇ? ಕೇಳಿದರೆ ತನಗೆ ಗೊತ್ತಿಲ್ಲ ಎಂದಾಗುತ್ತದಲ್ಲ! ಹಾಗೆಂದುಕೊಂಡು ತಲೆಯಾಡಿಸಿ ಸುಮ್ಮನಿರುತ್ತಿದ್ದ.

ಚಳಿಗಾಲದಲ್ಲಿ ಮಳಲಿ ಮೂರು ಮರಿ ಹಾಕಿದಳು. ಮುಷ್ಟಿಯಷ್ಟೇ ಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಪ್ಪನಾದ ದುಮುಕ ನೆಲದ ಮೇಲೆ ನಿಲ್ಲಲಾರದಷ್ಟು ಉಬ್ಬಿಹೋದ. ಆ ದಿನವೇ ಅವನಿಗಿಂತ ಉದ್ದವಾದ ಒಂದು ಬಾಳೆಮೀನು ಸಿಕ್ಕಿತು. ಅದನ್ನು ಎಳೆದುಕೊಂಡು ದಂಡೆಗೆ ಬಂದಾಗ ಕೊಂಬೆಯ ಮೇಲೆ ಒಂದು ಮಿಂಚುಳ್ಳಿ ಕುಳಿತಿತ್ತು.

"ಅಬ್ಬಬ್ಬಾ, ಎಂಥ ಮೀನು! ಯಾರಪ್ಪ ನೀನು?" ಎಂದಿತು ಮಿಂಚುಳ್ಳಿ.

"ನಾನು ದುಮುಕ."

"ಯಾವ ದುಮುಕ?"

"ಆ ಮತ್ತಿಮರದ ಬಿಲದಲ್ಲಿದ್ದೇನೆ."

"ಓಹೋ, ಅಜ್ಜಿಯ ಬಿಲವೇ? ಅಜ್ಜಿಯ ಅಳಿಯ ಎನ್ನಬಾರದೇ ಮೊದಲೇ!"

ದುಮುಕನ ಮೀಸೆ ಜೋತುಬಿತ್ತು. "ಅದು ನನ್ನ ಮನೆ" ಎಂದ.

"ಹೌದೇ? ಇಡೀ ಹೊಳೆಗೆ ಅದು ಅಜ್ಜಿಯ ಬಿಲ. ನಿನ್ನ ಮನೆ ಎಂದು ಯಾರಿಗೆ ಗೊತ್ತು? ಬಾಗಿಲ ಮೇಲೇನಾದರೂ ಬರೆದಿದೆಯೇ?" ಎಂದು ಮಿಂಚುಳ್ಳಿ ಕಿಲಕಿಲ ನಕ್ಕು ಹಾರಿಹೋಯಿತು. ಅದಕ್ಕೆ ಅಂದಂದಿನ ತಮಾಷೆ ಅಂದಂದಿಗೇ ಮರೆತುಹೋಗುತ್ತದೆ. ದುಮುಕನಿಗೆ ಮರೆಯಲಿಲ್ಲ.

ಆ ಸಂಜೆ ಅವನು ಸುದ್ದಿಬಂಡೆಗೆ ಹೋಗಲಿಲ್ಲ. ಸೀದಾ ಬಿಲದ ಬಾಗಿಲಿಗೆ ಬಂದು ಅಲ್ಲಿಯೇ ತನ್ನ ಗುರುತಿಟ್ಟ. ನೋಡಿದ. ಸಾಲದೆನಿಸಿತು. ಬಾಗಿಲ ಮುಂದಿನ ಕಲ್ಲಿನ ಮೇಲೆ ಒಂದು, ಅದರ ಮುಂದಿನದರ ಮೇಲೆ ಇನ್ನೊಂದು. ಹೀಗೆ ಕೆಲವೇ ದಿನಗಳಲ್ಲಿ ದಂಡೆಯ ಹಿಂದಿನ ಬೆಟ್ಟದ ಕಾಲುದಾರಿಯಿಂದ ಬಿಲದ ಬಾಗಿಲವರೆಗೂ ಕಲ್ಲುಕಲ್ಲಿನ ಮೇಲೂ ದುಮುಕನ ಗುರುತು ಬಿತ್ತು.

"ಬಂದವರಿಗೆ ದಾರಿ ತಪ್ಪಬಾರದಲ್ಲ!" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಮಳಲಿಗೆ ಅನುಮಾನ ಬಂತು. "ಏನ್ರೀ ಇದು, ಬಾಗಿಲಲ್ಲಿ ವಾಸನೆ?"

"ಬಾಳೆಮೀನಿನದು."

"ಬಾಳೆಮೀನು ಖಾಲಿಯಾಗಿ ಎಷ್ಟು ದಿನವಾಯಿತು!"

"ದೊಡ್ಡ ಮೀನು. ವಾಸನೆಯೂ ದೊಡ್ಡದು."

ಒಳಗೆ ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ ಅಜ್ಜಿ ತಲೆಯೆತ್ತಿದಳು. "ಅಳಿಯಂದಿರೇ, ನನ್ನ ಮೂಗಿಗೆ ವಯಸ್ಸಾಗಿದೆ, ಅದಕ್ಕೇ ಬಾಯಿಬಿಟ್ಟು ಕೇಳುತ್ತಿದ್ದೇನೆ. ಬಾಗಿಲಲ್ಲಿ ನೀವೇನಾದರೂ ಗುರುತಿಟ್ಟಿದ್ದೀರಾ?"

"ನಾನೇ? ಛೆ!"

"ಇಟ್ಟಿದ್ದರೆ ಬೈಯುವುದಿಲ್ಲ. ಈಗಲೇ ಹೋಗಿ ತೊಳೆದು ಬನ್ನಿ, ಸಾಕು."

"ಇಟ್ಟಿಲ್ಲ ಎಂದೆನಲ್ಲ ಅಜ್ಜಿ!" ಎಂದು ದುಮುಕ ಗದರಿದಂತೆ ಹೇಳಿ ಹೊರಗೆ ಹೋದ. ಅಲ್ಲಿ ನಿಂತು ಒಂದು ಕಲ್ಲನ್ನು ನೋಡಿದ. ತೊಳೆಯೋಣವೇ ಎಂದು ಒಂದು ಗಳಿಗೆ ಅನಿಸಿತು. ಅಷ್ಟರಲ್ಲಿ ಮಿಂಚುಳ್ಳಿ ಮೇಲಿನಿಂದ ಹಾದುಹೋಗುತ್ತ, "ಏನು ದುಮುಕಣ್ಣ, ಮನೆ ಮುಂದೆ ಭಾರಿ ಅಲಂಕಾರ!" ಎಂದಿತು. ದುಮುಕ ತೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮಡುವಿಗೆ ಮೀನಿನ ಹಿಂಡು ಬಂತು. ಇಂಥ ಹೊತ್ತಿನಲ್ಲಿ ಎಲ್ಲರೂ ಬೇಕು. ಮಳಲಿ, ಅವಳ ಅಣ್ಣ ಗುಡ್ಡಣ್ಣ, ಅವನ ಮಕ್ಕಳು, ದುಮುಕ, ಎಲ್ಲರೂ ನೀರಿಗಿಳಿದರು. ಮರಿ ಕಾಯಲು ಅಜ್ಜಿಯೊಬ್ಬಳೇ ಬಿಲದಲ್ಲಿ ಉಳಿದಳು.

ಆ ಹೊತ್ತಿಗೆ ಬೆಟ್ಟದ ಗುಂಡುಕಲ್ಲುಗಳ ನಡುವಿನಿಂದ ಒಂದು ಹೆಬ್ಬಾವು ಬಿಸಿಲು ಹುಡುಕಿಕೊಂಡು ಕಾಲುದಾರಿಗೆ ಇಳಿದು ಬಂತು. ಹಾವುಗಳು ನಾಲಗೆಯಿಂದ ವಾಸನೆ ಹಿಡಿಯುತ್ತವೆ. ಅದು ಮೊದಲ ಕಲ್ಲಿನ ಹತ್ತಿರ ನಾಲಗೆ ಚಾಚಿತು. ನಿಂತಿತು. ಎರಡನೆಯ ಕಲ್ಲು. ಮೂರನೆಯದು. ಬೇರೆ ದಿನವಾಗಿದ್ದರೆ ಅದು ಆ ಬೇರುಗಳ ಮುಂದಿನಿಂದಲೇ ಹಾದು ನೀರು ಕುಡಿದು ಹೋಗಿಬಿಡುತ್ತಿತ್ತು. ಎಷ್ಟೋ ಸಲ ಹಾಗೆ ಹೋಗಿತ್ತು ಕೂಡ. ಇವತ್ತು ಕಲ್ಲುಗಳೇ ಅದನ್ನು ಕೈಹಿಡಿದು ಕರೆದುಕೊಂಡು ಬಂದವು.

"ನಮಸ್ಕಾರ" ಎಂದಿತು ಹೆಬ್ಬಾವು, ಬಾಗಿಲಲ್ಲಿ ನಿಧಾನವಾಗಿ. "ದುಮುಕನವರ ಮನೆ ಇದೇ ತಾನೇ?"

ಅಜ್ಜಿ ಮರಿಗಳನ್ನು ಹಿಂದಕ್ಕೆ ತಳ್ಳಿದಳು. "ಯಾರದು?"

"ದಾರಿಹೋಕ. ಮರಿಗಳನ್ನು ನೋಡಿಕೊಂಡು ಹೋಗೋಣ ಎಂದು ಬಂದೆ."

"ಮರಿಯೂ ಇಲ್ಲ ಗಿರಿಯೂ ಇಲ್ಲ. ಯಾರು ಹೇಳಿದರು ನಿನಗೆ?"

"ಹೊರಗೆ ಅಷ್ಟು ಸ್ಪಷ್ಟವಾಗಿದೆಯಲ್ಲ ತಾಯಿ. 'ಇದು ದುಮುಕನ ಮನೆ. ಹೊಟ್ಟೆ ತುಂಬ ಬಾಳೆಮೀನು. ಮನೆಯಲ್ಲಿ ಬಾಣಂತಿ. ಮರಿಗಳು ಹಾಲು ಕುಡಿಯುತ್ತಿವೆ.' ಇಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಊಟಕ್ಕೆ ಕರೆದಿರಲಿಲ್ಲ."

ಅಜ್ಜಿಗೆ ಎಲ್ಲ ಅರ್ಥವಾಯಿತು. ಅವಳು ಮನಸ್ಸು ಮಾಡಿದ್ದರೆ ನೀರಿನ ಬಾಗಿಲಿನಿಂದ ಸುಲಭವಾಗಿ ಜಾರಿಹೋಗಬಹುದಿತ್ತು. ಆದರೆ ಕಣ್ಣು ಬಿಡದ ಮರಿಗಳಿಗೆ ಈಜು ಬರುವುದಿಲ್ಲ. ನೀರಿಗೆ ಒಯ್ದರೆ ಮುಳುಗಿ ಸಾಯುತ್ತವೆ, ಬಿಟ್ಟುಹೋದರೆ ಹಾವಿನ ಹೊಟ್ಟೆ ಸೇರುತ್ತವೆ.

ಬಿಲದ ಕುತ್ತಿಗೆ ಬಹಳ ಇಕ್ಕಟ್ಟು. ಅಜ್ಜಿ ಅಲ್ಲಿಗೆ ಬಂದು ಬೂಚು ಹಾಕಿದ ಹಾಗೆ ಕುಳಿತಳು.

"ಊಟಕ್ಕೆ ಬಂದವನು ಕೈಕಾಲು ತೊಳೆದುಕೊಂಡು ಬಾ" ಎಂದಳು.

"ನನಗೆ ಕೈಕಾಲು ಇಲ್ಲವಲ್ಲ ತಾಯಿ."

"ಹಾಗಾದರೆ ಮೂತಿಯನ್ನಾದರೂ ತಾ, ನಾನೇ ತೊಳೆಯುತ್ತೇನೆ!"

ಹೆಬ್ಬಾವು ತಲೆ ತೂರಿಸಿತು. ಅಜ್ಜಿ ಅದರ ಮೂತಿಯನ್ನು ಉಳಿದ ಹಲ್ಲುಗಳಲ್ಲೆಲ್ಲ ಕಚ್ಚಿ ಹಿಡಿದಳು. ಹಾವು ಬುಸುಗುಟ್ಟಿತು. ಆ ಇಕ್ಕಟ್ಟಿನಲ್ಲಿ ಅದಕ್ಕೆ ಬಾಯಿ ಪೂರ್ತಿ ತೆರೆಯಲಾಗಲಿಲ್ಲ, ಸುತ್ತಿ ಹಿಸುಕಲೂ ಆಗಲಿಲ್ಲ. ಆದರೆ ಅದರ ಬಾಲ ಹೊರಗಿತ್ತು. ಬಾಲದ ತುದಿಯನ್ನು ಮತ್ತಿಮರದ ಬೇರಿಗೆ ಸುತ್ತಿ, ಆ ಬಲದಿಂದ ಅದು ಮೈಯನ್ನು ಒಳಕ್ಕೆ ನೂಕತೊಡಗಿತು. ಒಂದೊಂದು ನೂಕಿಗೂ ಅಜ್ಜಿ ಒಂದಿಷ್ಟು ಹಿಂದೆ ಸರಿದಳು. ಅವಳ ಹಿಂದೆ ಮರಿಗಳು ಕುಂಯ್‌ಗುಟ್ಟಿದವು.

ಇದನ್ನು ಮೊದಲು ಕಂಡದ್ದು ಮಿಂಚುಳ್ಳಿ. ಅದು ಚೀರುತ್ತ ಮಡುವಿನ ಮೇಲೆ ಹಾರಿತು. "ಹಾವು! ಹೆಬ್ಬಾವು! ಅಜ್ಜಿಯ ಬಿಲದಲ್ಲಿ! ದುಮುಕನ ಕಲ್ಲುಗಳ ಮೇಲೆಯೇ ಹರಿದು ಹೋಯಿತು, ನಾನು ಕಣ್ಣಾರೆ ಕಂಡೆ!"

ಸಾಲು ನಿಂತಿತು. ಎಲ್ಲರೂ ದುಮುಕನ ಕಡೆ ತಿರುಗಿದರು.

"ಗುರುತಿಟ್ಟವನು ನಾನೇ" ಎಂದ ದುಮುಕ. "ಮಳಲಿ, ನಾನು ಸುಳ್ಳು ಹೇಳಿದೆ. ನಾನು..."

"ಅಳುವುದು ಆಮೇಲೆ!" ಎಂದು ಮಳಲಿ ಕೂಗಿದಳು. "ಈಗ ಈಜಿ!"

ಅವಳು ನೀರಿನ ಬಾಗಿಲಿನಿಂದ ಒಳಗೆ ನುಗ್ಗಿದಳು. ಅಜ್ಜಿಯ ಬೆನ್ನಿಗೆ ತನ್ನ ಎದೆ ಕೊಟ್ಟು, ಹಿಂಗಾಲುಗಳನ್ನು ಮಣ್ಣಿಗೆ ಊರಿ ನಿಂತಳು. ಇನ್ನುಳಿದವರು ದಂಡೆಗೆ ಹಾರಿದರು.

ಗುಡ್ಡಣ್ಣ ಹೆಬ್ಬಾವಿನ ನಡುವಿಗೆ ಹಾರಿ ಕಚ್ಚಿದ. ಹಾವು ಸುಮ್ಮನೆ ಒಮ್ಮೆ ಮೈ ಕೊಡವಿತು. ಗುಡ್ಡಣ್ಣ ಉರುಳಿ ಮುಳ್ಳುಪೊದೆಯಲ್ಲಿ ಬಿದ್ದ. ದುಮುಕನೂ ಅದೇ ಜಾಗಕ್ಕೆ ಹಾರಲು ಮೈ ಕುಗ್ಗಿಸಿದ. ಎಲ್ಲಕ್ಕಿಂತ ದಪ್ಪನೆಯ ಜಾಗ ಅದು. ಅಲ್ಲಿ ಕಚ್ಚಿದವನೇ ವೀರ. ಅಷ್ಟರಲ್ಲಿ ಅವನ ಕಣ್ಣಿಗೆ ಬೇರು ಸುತ್ತಿದ ಬಾಲದ ತುದಿ ಬಿತ್ತು. ಹಗ್ಗದಷ್ಟು ಸಣ್ಣ. ಯಾರೂ ಅದರ ಕಡೆ ನೋಡಿರಲಿಲ್ಲ.

ತುದಿ ಸಡಿಲವಾದರೆ ಸಾಲೆಲ್ಲ ಸಡಿಲ.

"ನಡುವನ್ನು ಬಿಡಿ!" ಎಂದು ದುಮುಕ ಕೂಗಿದ. "ಹಾವಿನ ಬಲವೆಲ್ಲ ಆ ಬೇರಿನಲ್ಲಿದೆ! ತುದಿ ಬಿಡಿಸಿ! ಗುಡ್ಡಣ್ಣ, ನನ್ನ ಪಕ್ಕಕ್ಕೆ ಬಾ! ಮಕ್ಕಳೇ, ಅವನ ಪಕ್ಕಕ್ಕೆ! ಸಾಲು ಕಟ್ಟಿ!"

ತುದಿಯನ್ನು ಹಲ್ಲಿನಲ್ಲಿ ಹಿಡಿದು ಅವನು ಬೇರನ್ನು ಸುತ್ತಿಕೊಂಡು ಹಿಮ್ಮುಖವಾಗಿ ಓಡಿದ. ಒಂದು ಸುತ್ತು ಬಿಚ್ಚಿತು. ಇನ್ನೊಂದು ಸುತ್ತು. ಹಾವು ಗಾಬರಿಯಾಗಿ ಬಾಲ ಬೀಸಿತು. ದುಮುಕ ಗಾಳಿಯಲ್ಲಿ ತೇಲಿ ಮರಕ್ಕೆ ಅಪ್ಪಳಿಸಿದ, ಹಲ್ಲು ಬಿಡಲಿಲ್ಲ. ಗುಡ್ಡಣ್ಣ ಮೈತುಂಬ ಮುಳ್ಳು ಚುಚ್ಚಿಕೊಂಡೇ ಬಂದು ಅವನ ಪಕ್ಕದಲ್ಲಿ ಕಚ್ಚಿದ. ಅವನ ಪಕ್ಕ ಒಬ್ಬ ಮಗ, ಅವನ ಪಕ್ಕ ಇನ್ನೊಬ್ಬ.

"ಎಳೀರಿ! ನೀರಿಗೆ! ನೀರಿಗೆ!"

ಬೇರಿನ ಹಿಡಿತ ತಪ್ಪಿದ ಹೆಬ್ಬಾವು ಉದ್ದನೆಯ ಒದ್ದೆ ಬಟ್ಟೆಯ ಹಾಗಾಯಿತು. ಸಾಲು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆಯಿತು. ದಿನವೂ ಮೀನುಗಳನ್ನು ಹೊಳೆಯಿಂದ ದಂಡೆಗೆ ಅಟ್ಟುತ್ತಿದ್ದವರು ಇವತ್ತು ಹಾವನ್ನು ದಂಡೆಯಿಂದ ಹೊಳೆಗೆ ಎಳೆದರು. ಒಳಗಿನಿಂದ ಅಜ್ಜಿಯೂ ಮಳಲಿಯೂ ನೂಕಿದರು. ಕೊನೆಗೆ ಸೀಸೆಯಿಂದ ಬೂಚು ಕಿತ್ತಂತೆ 'ಟಪ್' ಎಂದು ಹೆಬ್ಬಾವಿನ ತಲೆ ಹೊರಗೆ ಬಂತು. ಅದರ ಮೂತಿಗೆ ಕಚ್ಚಿಕೊಂಡೇ ಅಜ್ಜಿಯೂ ಹೊರಗೆ ಬಂದಳು!

"ಅಜ್ಜೀ, ಬಿಡು! ಇನ್ನು ನಮ್ಮ ಪಾಲು!" ಎಂದ ದುಮುಕ.

ಹೆಬ್ಬಾವಿಗೂ ಈಜು ಬರುತ್ತದೆ, ನಿಜ. ಆದರೆ ನೀರುನಾಯಿಗಳ ನಡುವೆ ಸಿಕ್ಕಿಕೊಂಡು ಈಜುವುದು ಬೇರೆಯೇ ಮಾತು. ಎಡಕ್ಕೆ ತಿರುಗಿದರೆ ಎಡಗಡೆ ಹಲ್ಲು, ಬಲಕ್ಕೆ ತಿರುಗಿದರೆ ಬಲಗಡೆ ಹಲ್ಲು. ಅರ್ಧಚಂದ್ರದ ಸಾಲು ಅದನ್ನು ಮಡುವಿನಿಂದ ಸೆಳವಿಗೆ ಅಟ್ಟಿತು. ಸೆಳವು ಅದನ್ನು ಎತ್ತಿಕೊಂಡು ಬಂಡೆಯಿಂದ ಬಂಡೆಗೆ ಕುಟ್ಟುತ್ತ ಕೆಳಗೆ ಒಯ್ದಿತು.

"ಊಟ ಹೇಗಿತ್ತು ದಾರಿಹೋಕರೇ?" ಎಂದು ಮಿಂಚುಳ್ಳಿ ಮೇಲಿನಿಂದ ಕೂಗಿತು.

"ಮನೆಯವರು... ಸ್ವಲ್ಪ... ಒರಟು" ಎಂದು ಹೆಬ್ಬಾವು ನೀರು ಕುಡಿಯುತ್ತ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅದು ಆ ತಿರುವಿನಲ್ಲಿ ಮತ್ತೆ ಕಾಣಿಸಲಿಲ್ಲ.

ಆ ಬೆಳಗಿನ ಸಂಭ್ರಮವನ್ನು ಏನೆಂದು ಹೇಳಲಿ! ಗುಡ್ಡಣ್ಣನ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಾರಿದರು, ನೀರೆರಚಿದರು, ಶಿಳ್ಳೆ ಹಾಕಿದರು. ಮಳಲಿ ಮೂರು ಮರಿಗಳನ್ನೂ ಮೂಸಿ ಮೂಸಿ ನೋಡಿದಳು. ಮೂರೂ ಕ್ಷೇಮ. ಒಂದಂತೂ ಇಷ್ಟೆಲ್ಲದರ ನಡುವೆ ನಿದ್ದೆಹೋಗಿತ್ತು.

ದುಮುಕ ಮಾತ್ರ ಕಲ್ಲುಗಳ ಹತ್ತಿರ ಇದ್ದ. ಹೊಳೆಯಿಂದ ಮೈಯಲ್ಲಿ ನೀರು ಹೀರಿ ತಂದು, ಒಂದೊಂದೇ ಕಲ್ಲಿನ ಮೇಲೆ ಕೊಡವಿ ಮರಳಿನಿಂದ ಉಜ್ಜಿದ. ಕಾಲುದಾರಿಯವರೆಗೂ ಉಜ್ಜಿ ಮುಗಿಸಿ, ಹಾವಿನ ಹಲ್ಲು ತಗುಲಿ ಕಣ್ಣಿಗೆ ಗಾಯವಾಗಿ ಅಜ್ಜಿ ಮಲಗಿದ್ದಲ್ಲಿಗೆ ಬಂದು ಕುಳಿತ.

"ಅಜ್ಜೀ, ಒಂದು ಕೇಳಲೇ?"

"ಅಯ್ಯೋ, ಅಳಿಯಂದಿರು ಕೇಳುತ್ತಾರಂತೆ! ಎಲ್ಲರೂ ಬನ್ನಿ!" ಎಂದಳು ಅಜ್ಜಿ. ನೋವಿನಲ್ಲೂ ಅವಳ ಬಾಯಿ ಬಿಡುವು ತೆಗೆದುಕೊಂಡಿರಲಿಲ್ಲ. "ಕೇಳಪ್ಪ."

"ಬಂಡೆಯ ಮೇಲೆ ಗುರುತಿಟ್ಟರೂ ಹಾವು ಅದನ್ನು ಓದಬಹುದಲ್ಲ. ಅಲ್ಲಿ ಏಕೆ ಪರವಾಗಿಲ್ಲ?"

"ಓದಲಿ. ಬಂಡೆಯನ್ನು ಓದಿದವನಿಗೆ ನಾವು ಇದ್ದೇವೆ ಎಂದು ತಿಳಿಯುತ್ತದೆ. ಎಲ್ಲಿದ್ದೇವೆ ಎಂದು ತಿಳಿಯುವುದಿಲ್ಲ. ಹೊಳೆ ಬಹಳ ದೊಡ್ಡದು."

ದುಮುಕ ತಲೆ ತಗ್ಗಿಸಿದ. "ಇಷ್ಟೇನಾ? ಇಷ್ಟನ್ನು ನಾನು ಮೊದಲೇ ಕೇಳಬಹುದಿತ್ತು."

"ಕೇಳಬಹುದಿತ್ತು. ನಾನೂ ನೀನು ಕೇಳಲಿ ಎಂದು ಬಿಂಕ ಮಾಡದೆ ಹೇಳಬಹುದಿತ್ತು. ಹೋಗಲಿ ಬಿಡು. ಸಾಲಿನ ತುದಿಯನ್ನು ಹೇಗೆ ಹಿಡಿಯಬೇಕು ಎಂದು ಇನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಮರಿಗಳು ಕಣ್ಣು ಬಿಡಲಿ, ಅವಕ್ಕೆ ನೀನೇ ಹೇಳಿಕೊಡು. ಏಕೆಂದೂ ಸೇರಿಸಿ ಹೇಳು."

ಮರಿಗಳು ಕಣ್ಣು ಬಿಟ್ಟವು, ಈಜು ಕಲಿತವು, ಮೂರೂ ದೊಡ್ಡವಾಗಿ ಸಾಲಿನಲ್ಲಿ ಜಾಗ ಹಿಡಿದವು.

ಇನ್ನು ಇದಕ್ಕೆಲ್ಲ ತೆತ್ತದ್ದು ಏನೆಂದು ಹೇಳಿಬಿಡುತ್ತೇನೆ. ಹಾವಿಗೆ ಗೊತ್ತಾದ ಮನೆಯಲ್ಲಿ ಇರುವಂತಿಲ್ಲ. ಅಜ್ಜಿ ಹುಟ್ಟಿದ ಆ ಬಿಲವನ್ನು ಬಿಟ್ಟು ಎಲ್ಲರೂ ಮೇಲ್ಹೊಳೆಗೆ ಹೋಗಬೇಕಾಯಿತು. ಅಲ್ಲಿಯ ಮಡು ಚಿಕ್ಕದು, ಮೀನು ಕಡಿಮೆ. ಗುಡ್ಡಣ್ಣನಿಗೆ ಚುಚ್ಚಿದ ಮುಳ್ಳುಗಳಲ್ಲಿ ಒಂದು ಒಳಗೇ ಉಳಿದು ಅವನು ಕುಂಟುವಂತಾಯಿತು. ಅಜ್ಜಿಯ ಬಲಗಣ್ಣು ಹೋಯಿತು, ಮುಂದಿನ ಹಲ್ಲುಗಳು ಹೋದವು. ಅವಳು ಮತ್ತೆ ತಾನಾಗಿ ಮೀನು ಹಿಡಿಯಲಿಲ್ಲ. ಬದುಕಿದ್ದಷ್ಟು ದಿನವೂ ದುಮುಕ ಮುಳ್ಳು ಬಿಡಿಸಿ ತಂದುಕೊಟ್ಟ ಮೀನನ್ನೇ ತಿಂದಳು.

ನೀತಿ: ಹಿರಿಯರು ಹಾಕಿದ ಕಟ್ಟುಪಾಡಿನ ಕಾರಣ ತಿಳಿಯದಿದ್ದರೆ ಕೇಳಿ ತಿಳಿಯಬೇಕು, ಮುರಿದು ತಿಳಿಯಹೊರಟರೆ ಅದರ ಬೆಲೆಯನ್ನು ಮನೆಯವರೆಲ್ಲ ತೆರಬೇಕಾಗುತ್ತದೆ.